ಕರಿಮಣ್ಣಿನ ನೆಲದಲ್ಲಿ ಶಹಾಬಾದ ಕಲ್ಲಿನ ಹೊಲಮನೆ, ದನದ ಕೊಟ್ಟಿಗೆ ಮತ್ತು ಹಿತ್ತಲ ತೋಟ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲ್ಲೂಕುಗಳ ಅನೇಕ ಕಡೆ ಕರಿಮಣ್ಣಿನ ಕೆಳಗೆ ಪದರ ಪದರವಾಗಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಜನರು ಶಹಾಬಾದ ಕಲ್ಲು, ಫರಸಿ ಕಲ್ಲು ಎಂದು ಕರೆಯುತ್ತಾರೆ. ಉಳಿ ಮತ್ತು ಬೆಣೆಗಳಿಂದಲೇ ಹಲಗೆಯಂತೆ ಬಿಡಿಸಿಕೊಳ್ಳಬಹುದಾದ ಗುಣ ಇದಕ್ಕಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಸ್ತೂಪವನ್ನು ಕಟ್ಟಿದವರು ಬಳಸಿದ್ದು ಸುಣ್ಣದ ಕಲ್ಲಿನ ಚಪ್ಪಡಿಗಳನ್ನೇ. ಕಾಗಿಣಾ ನದಿಯ ದಂಡೆಯ ಮಳಖೇಡದ ಕೋಟೆಯೂ ಸ್ಥಳೀಯ ಕಲ್ಲಿನದೇ. ವಾಡಿಯ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಸುಡುವುದೂ ಇದೇ ಜಾತಿಯ ಸುಣ್ಣದ ಕಲ್ಲನ್ನು.

ಹೀಗಿದ್ದರೂ ಇಂದು ಹೊಲದಲ್ಲಿ ಹೊಸದಾಗಿ ಏಳುತ್ತಿರುವುದು ಬಹುಪಾಲು ತಗಡಿನ ಶೆಡ್ಡುಗಳು ಮತ್ತು ಸಿಮೆಂಟ್ ಇಟ್ಟಿಗೆಯ ತೆಳುಗೋಡೆಗಳು. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಅಂತಹ ಶೆಡ್ಡಿನೊಳಗೆ ಮಧ್ಯಾಹ್ನ ಮನುಷ್ಯರೂ ನಿಲ್ಲಲಾರರು, ದನಗಳೂ ನಿಲ್ಲಲಾರವು. ಹಾಗೆಂದು ಹಳೆಯ ಕಲ್ಲಿನ ಮನೆಗಳನ್ನು ಇದ್ದಂತೆಯೇ ಅನುಕರಿಸುವುದೂ ಸರಿಯಲ್ಲ. ಅವುಗಳಲ್ಲಿ ಪ್ರಾಣಾಪಾಯದ ಕೆಲವು ದೋಷಗಳಿವೆ. ಕಲ್ಲು ತಾನಾಗಿ ಕೆಡುವುದು ವಿರಳ. ಅಡಿಪಾಯದ ಕೆಳಗಿನ ನೀರು, ಮಾಳಿಗೆಯ ಮೇಲಿನ ನೀರು ಮತ್ತು ಒಂದಕ್ಕೊಂದು ಬೆಸೆಯದ ಗೋಡೆ, ಈ ಮೂರು ಕಾರಣಗಳಿಂದಲೇ ಕಟ್ಟಡ ಹಾಳಾಗುತ್ತದೆ. ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಈ ಮೂರನ್ನು ಅರಿತು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನೆಲದ ಪರೀಕ್ಷೆ ಮತ್ತು ಅಡಿಪಾಯ

ಕರಿಮಣ್ಣಿನಲ್ಲಿರುವ ಜೇಡಿ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲವೇ ಆಗಸ್ಟ್‌ನಲ್ಲಿ ಉಬ್ಬಿ ಗೋಡೆಯನ್ನು ಮೇಲಕ್ಕೆತ್ತುತ್ತದೆ. ಮನೆಯ ಎಲ್ಲ ಮೂಲೆಗಳೂ ಸಮನಾಗಿ ಏಳುವುದಿಲ್ಲ. ನೀರು ನಿಲ್ಲುವ ಬದಿ ಹೆಚ್ಚು ಏಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು ಸಾಮಾನ್ಯವಾಗಿ ಇದರ ಗುರುತು. ಅದನ್ನು ಪ್ರತಿ ವರ್ಷ ಸಿಮೆಂಟಿನಿಂದ ಮುಚ್ಚಿದರೂ ಮುಂದಿನ ವರ್ಷ ಮತ್ತೆ ತೆರೆದುಕೊಳ್ಳುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆ ಎಂಬುದನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಅಡಿಪಾಯದ ಆಳದಿಂದ ತೆಗೆದ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಹಿಟ್ಟಿನ ಜರಡಿಯಲ್ಲಿ ಸೋಸಿಕೊಳ್ಳಬೇಕು. ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಸಮಪ್ರಮಾಣದ ಪುಡಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ತಳಕ್ಕೆ ಕುಳಿತ ಮಣ್ಣಿನ ಎತ್ತರ ಸೀಮೆಎಣ್ಣೆಯ ಲೋಟದ್ದಕ್ಕಿಂತ ಒಂದೂವರೆ ಪಟ್ಟು ಅಥವಾ ಅದಕ್ಕೂ ಮೀರಿದ್ದರೆ ಆ ನೆಲದಲ್ಲಿ ಸಾಮಾನ್ಯ ಅಡಿಪಾಯ ಹಾಕಕೂಡದು. ಪ್ರಯೋಗಾಲಯದಲ್ಲಿ ಇದೇ ತತ್ತ್ವದ ಪರೀಕ್ಷೆಯನ್ನು ನಿಖರವಾದ ಅಳತೆಯಿಂದ ಮಾಡುತ್ತಾರೆ. ವಾಸದ ಮನೆ ಕಟ್ಟುವವರು ಅದನ್ನೇ ಮಾಡಿಸುವುದು ಒಳ್ಳೆಯದು.

ಅನಂತರ ಗುಂಡಿ ತೋಡಿ ಗರಸು ಅಥವಾ ಕಲ್ಲಿನ ಪದರ ಎಷ್ಟು ಆಳದಲ್ಲಿ ಸಿಗುತ್ತದೆಂದು ನೋಡಬೇಕು. ಒಂದೇ ಹೊಲದಲ್ಲಿ ದಿಬ್ಬದ ಕಡೆ ಎರಡು ಅಡಿಗೆ ಕಲ್ಲು ಸಿಕ್ಕು, ಹಳ್ಳದ ಕಡೆ ಹತ್ತು ಅಡಿಯಾದರೂ ಸಿಗದಿರಬಹುದು. ಆದ್ದರಿಂದ ರಸ್ತೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಜಾಗ ಆರಿಸದೆ, ಗರಸು ಮೇಲಿರುವ ಎತ್ತರದ ಜಾಗವನ್ನು ಮನೆಗೆ, ಆಳವಾದ ಕರಿಮಣ್ಣನ್ನು ತೊಗರಿಗೆ ಬಿಡುವುದು ಲೇಸು. ನಾಲ್ಕೈದು ಅಡಿಯೊಳಗೆ ಗಟ್ಟಿನೆಲ ಸಿಕ್ಕರೆ ಕರಿಮಣ್ಣನ್ನು ಪೂರ್ತಿ ತೆಗೆದು ಅದರ ಮೇಲೆಯೇ ಕಲ್ಲುಕಟ್ಟಡವನ್ನು ಎಬ್ಬಿಸಬೇಕು. ಪಾಯದ ಎರಡೂ ಬದಿಯ ಸಂದಿಗೆ ಅಗೆದ ಕರಿಮಣ್ಣನ್ನೇ ಮರಳಿ ತುಂಬುವುದು ಅತಿ ಸಾಮಾನ್ಯವಾದ ಮತ್ತು ಅತಿ ದುಬಾರಿಯಾದ ತಪ್ಪು. ಅಲ್ಲಿ ಗರಸು ಮಣ್ಣನ್ನೇ ತುಂಬಿ ದಮ್ಮಸು ಮಾಡಬೇಕು.

ಗಟ್ಟಿನೆಲ ಆಳದಲ್ಲಿದ್ದರೆ ಎರಡು ದಾರಿಗಳಿವೆ. ಒಂದು, ಕರಿಮಣ್ಣನ್ನು ಸುಮಾರು ಒಂದು ಮೀಟರ್ ತೆಗೆದು, ಉಬ್ಬದ ಆದರೆ ಅಂಟುಗುಣವಿರುವ ಗರಸು ಮಣ್ಣನ್ನು ಪದರಪದರವಾಗಿ ತುಂಬಿ ದಮ್ಮಸು ಮಾಡುವುದು. ಮುಂಬಯಿಯ ಐಐಟಿಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿ ಅವರು ರೂಪಿಸಿದ ಈ ವಿಧಾನ ಕರಿಮಣ್ಣಿನಲ್ಲಿ ಹಾಯುವ ಕಾಲುವೆಗಳ ನಿರ್ಮಾಣದಲ್ಲಿ ಬಳಕೆಗೆ ಬಂದಿತು. ಕೊಟ್ಟಿಗೆ, ಪಂಪಿನ ಮನೆಗಳಂತಹ ಹಗುರ ಕಟ್ಟಡಗಳಿಗೆ ಇದು ಹೊಂದುತ್ತದೆ. ಇನ್ನೊಂದು, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ, ಬುಡದಲ್ಲಿ ಗಂಟಿನಂತೆ ಅಗಲವಾಗುವ ಕಾಂಕ್ರೀಟಿನ ಕಂಬಗಳು. ಇವನ್ನು ಇಂಜಿನಿಯರರ ಲೆಕ್ಕವಿಲ್ಲದೆ ಹಾಕಿಸಬಾರದು.

ಅಡಿಪಾಯ ಯಾವುದೇ ಇರಲಿ, ಮನೆಯ ಸುತ್ತ ಮೂರರಿಂದ ನಾಲ್ಕು ಅಡಿ ಅಗಲಕ್ಕೆ ಗರಸಿನ ಮೇಲೆ ಫರಸಿ ಹಾಸಿ, ಹೊರಕ್ಕೆ ಇಳಿಜಾರು ಕೊಟ್ಟು, ಸಂದುಗಳನ್ನು ಸುಣ್ಣದ ಗಾರೆಯಿಂದ ಮುಚ್ಚಬೇಕು. ಗಣಿಯಲ್ಲಿ ಅಗ್ಗವಾಗಿ ಸಿಗುವ ಅಂಚು ಒಡೆದ ಕಲ್ಲುಗಳೇ ಇದಕ್ಕೆ ಸಾಕು. ಗೋಡೆಯ ಬುಡದ ತೇವ ವರ್ಷವಿಡೀ ಹೆಚ್ಚು ಏರಿಳಿಯದಂತೆ ತಡೆಯುವುದು ಈ ಹಾಸು. ಖರ್ಚು ಉಳಿಸಬೇಕೆಂದಿದ್ದರೆ ಒಳಗಿನ ನೆಲದ ಪಾಲಿಶ್ ಬಿಡಬಹುದು, ಇದನ್ನು ಬಿಡಬಾರದು.

ಗೋಡೆ: ದಪ್ಪವಿದ್ದ ಮಾತ್ರಕ್ಕೆ ಬಲವಲ್ಲ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಭೂಕಂಪವಾದಾಗ ಸಾವಿರಾರು ಜನ ಮೃತರಾದರು. ಅವರಲ್ಲಿ ಬಹಳಷ್ಟು ಮಂದಿ ಮಲಗಿದ್ದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ. ಅಂತಹ ಮನೆಗಳು ನಮ್ಮ ಭಾಗದಲ್ಲಿಯೂ ಇವೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಸರಣಿ ಕಂಪನಗಳಾದವು. ಅವುಗಳಲ್ಲಿ ಒಂದು 4.1ರ ತೀವ್ರತೆಯದು. ಜನರು ಮನೆಯೊಳಗೆ ಮಲಗಲು ಅಂಜಿ ಹೊರಗೆ ರಾತ್ರಿ ಕಳೆದರು. ಚಿಮ್ಮನಚೋಡ ಮತ್ತು ಸುತ್ತಲಿನ ಹಳ್ಳಿಗಳವರು ಈ ಮಾತನ್ನು ಮರೆಯುವಂತಿಲ್ಲ.

ಹಳೆಯ ಗೋಡೆಯ ದೋಷ ಅದರ ದಪ್ಪದಲ್ಲಿಯೇ ಅಡಗಿದೆ. ಎರಡರಿಂದ ಮೂರು ಅಡಿಯ ಗೋಡೆ ನಿಜದಲ್ಲಿ ಒಂದೇ ಗೋಡೆಯಲ್ಲ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು ಚೆಂದದ ಕಲ್ಲುಗಳನ್ನಿಟ್ಟು ನಡುವೆ ಚೂರುಕಲ್ಲು, ಮಣ್ಣು ತುಂಬಿರುತ್ತಾರೆ. ಮಳೆನೀರು ನಡುವೆ ಇಳಿದಾಗ ಅಥವಾ ನೆಲ ನಡುಗಿದಾಗ ಎರಡು ಮುಖಗಳೂ ಬೇರ್ಪಟ್ಟು ಹೊಟ್ಟೆ ಉಬ್ಬಿದಂತಾಗಿ ಕುಸಿಯುತ್ತವೆ. ಗೋಡೆಯ ಮೇಲೆ ಮುಷ್ಟಿಯಿಂದ ಬಡಿದಾಗ ಪೊಳ್ಳು ಸದ್ದು ಬಂದರೆ, ಅಥವಾ ದಾರದ ತೂಕ ಇಳಿಬಿಟ್ಟಾಗ ನಡುಭಾಗ ಹೊರಚಾಚಿದ್ದರೆ, ಬೇರ್ಪಡುವಿಕೆ ಆರಂಭವಾಗಿದೆಯೆಂದು ತಿಳಿಯಬೇಕು.

ಭಾರತೀಯ ಮಾನಕ ಸಂಸ್ಥೆಯು ಐಎಸ್ 13828 ಎಂಬ ಮಾರ್ಗಸೂಚಿಯಲ್ಲಿ ಇದಕ್ಕೆ ಸರಳ ಪರಿಹಾರ ಹೇಳಿದೆ. ಗೋಡೆಯ ದಪ್ಪ ಒಂದೂವರೆ ಅಡಿಯನ್ನು (450 ಮಿ.ಮೀ.) ಮೀರಬಾರದು. ಒಳಮುಖದಿಂದ ಹೊರಮುಖದವರೆಗೆ ಇಡೀ ದಪ್ಪವನ್ನು ದಾಟಿ ನಿಲ್ಲುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದರಂತೆ ಇಡಬೇಕು. ಒಮ್ಮೆಗೆ ಎರಡು ಅಡಿಗಿಂತ ಹೆಚ್ಚು ಎತ್ತರ ಕಟ್ಟದೆ, ಇಡೀ ಮನೆಯನ್ನು ಸುತ್ತಿ ಬಂದು ಮುಂದಿನ ವರಸೆ ಏರಿಸಬೇಕು. ಶಹಾಬಾದ ಕಲ್ಲಿನ ವಿಶೇಷವೆಂದರೆ ಅದು ಹಲಗೆಯಾಗಿಯೇ ಸಿಗುವುದರಿಂದ ಈ ಉದ್ದಗಲ್ಲುಗಳಿಗೆ ಬೇರೆ ಖರ್ಚಿಲ್ಲ. ಗುಂಡುಕಲ್ಲಿನ ಪ್ರದೇಶದ ರೈತರಿಗೆ ಈ ಅನುಕೂಲವಿಲ್ಲ. ಆದರೂ ಗೌಂಡಿಗಳು ಅವನ್ನು ಇಡದೆ ಬಿಡುವುದುಂಟು, ಏಕೆಂದರೆ ಗಿಲಾವು ಮುಗಿದ ಮೇಲೆ ಅವು ಕಾಣುವುದಿಲ್ಲ. ಕೆಲಸ ನಡೆಯುವಾಗ ಮಾಲೀಕರು ನಿಂತು ಎಣಿಸಬೇಕು.

ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿದು ಕಟ್ಟುವ ಮೂರು ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ ಅವಶ್ಯ. ಅದರಲ್ಲಿ ಕನಿಷ್ಠ ಎರಡು ಉಕ್ಕಿನ ಸರಳುಗಳಿರಬೇಕು. ಸರಳಿನ ಗಾತ್ರವನ್ನು ಗೋಡೆಯ ಉದ್ದ ನೋಡಿ ಇಂಜಿನಿಯರರು ನಿರ್ಧರಿಸುತ್ತಾರೆ. ಬುಟ್ಟಿಯ ಬಾಯಿಗೆ ಹೆಣೆದ ಕಟ್ಟಿನಂತೆ ಇದು ಕೆಲಸ ಮಾಡುತ್ತದೆ. ಸಾಂಪ್ರದಾಯಿಕ ಕಟ್ಟಡವನ್ನು ಮೆಚ್ಚುವವರೂ ಈ ಒಂದೆಡೆ ಸಿಮೆಂಟಿಗೆ ಹಿಂಜರಿಯಬಾರದು.

ಒಳಗಿನ ಅಡ್ಡಗೋಡೆಗಳಿಗೆ ಕಲ್ಲೇ ಬೇಕೆಂದಿಲ್ಲ. ತೊಗರಿ ಕಟ್ಟಿಗೆಯನ್ನು ಒತ್ತಾಗಿ ಹೆಣೆದು, ಎರಡೂ ಬದಿಗೆ ಮಣ್ಣು ಮತ್ತು ಸಗಣಿ ಮೆತ್ತಿದ ತಟ್ಟಿಗೋಡೆ ಹಗುರ, ಅಗ್ಗ. ನೆಲ ನಡುಗಿದರೆ ಬಾಗುತ್ತದೆ, ಮೈಮೇಲೆ ಉರುಳುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿಯ ಈ ಜಿಲ್ಲೆಯಲ್ಲಿ ಕಟ್ಟಿಗೆಗೆ ಕೊರತೆಯಿಲ್ಲ. ಗೆದ್ದಲು ಹತ್ತದಂತೆ ತಟ್ಟಿಯ ಬುಡವನ್ನು ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ನಿಲ್ಲಿಸಬೇಕು. ಒಲೆಯ ಪಕ್ಕದಲ್ಲಿ ಇಂತಹ ಗೋಡೆ ಕೂಡದು.

ಮಾಳಿಗೆಯ ಭಾರ

ಮಣ್ಣಿನ ಮಾಳಿಗೆಯ ಮನೆ ತಂಪಾಗಿರುತ್ತದೆ ಎಂಬುದು ನಿಜ. ಅದರ ತೂಕವನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖೋಲಿಯ ಮೇಲೆ ಒಂದು ಅಡಿ ಮಣ್ಣು ಹಾಕಿದರೆ ಒಣ ಸ್ಥಿತಿಯಲ್ಲಿಯೇ ಐದೂವರೆ ಟನ್ನಿಗೂ ಹೆಚ್ಚು ಭಾರವಾಗುತ್ತದೆ. ಹಸ್ತ, ಚಿತ್ತಾ ಮಳೆಗಳು ಬಿಡದೆ ಹಿಡಿದಾಗ ಅದೇ ಮಣ್ಣು ಇನ್ನೊಂದು ಟನ್ನಿನಷ್ಟು ನೀರನ್ನು ಹಿಡಿದುಕೊಳ್ಳಬಲ್ಲದು. ಸೋರಿಕೆ ತಡೆಯಲು ಪ್ರತಿ ವರ್ಷ ಬೇಸಿಗೆಯ ಕೊನೆಯಲ್ಲಿ ಹೊಸ ಮಣ್ಣು ಹಾಕುವ ರೂಢಿಯಿದೆ. ಹಳೆಯದನ್ನು ತೆಗೆಯದೆ ಹಾಕಿದ ಪ್ರತಿ ಒಂದು ಇಂಚು ಮಣ್ಣು ಈ ಖೋಲಿಗೆ ಸುಮಾರು ಅರ್ಧ ಟನ್ ಭಾರ ಕೂಡಿಸುತ್ತದೆ. ತಂದೆಯ ಕಾಲದ ತೊಲೆ, ಜಂತಿಗಳು ಮೊಮ್ಮಗನ ಕಾಲಕ್ಕೆ ಎಷ್ಟು ಇಂಚು ಹೊರುತ್ತಿವೆ ಎಂಬುದನ್ನು ಮಾಳಿಗೆಯ ಅಂಚಿನಲ್ಲಿ ಮಣ್ಣು ಕೆರೆದು ಅಳೆದು ನೋಡಬೇಕು.

ಇರುವ ಮನೆಯನ್ನು ಉಳಿಸಿಕೊಳ್ಳುವವರು ಹಳೆಯ ಮಣ್ಣನ್ನು ಎಲ್ಲ ಕಡೆಯಿಂದ ಸಮನಾಗಿ ಕೆರೆದು ಆರು ಇಂಚಿಗೆ ಇಳಿಸಿ, ಮೇಲೆ ಎರಡು ಇಂಚಿನ ಸುಣ್ಣದ ಗಚ್ಚು ಬಡಿಸಿ, ನೀರು ಒಂದೇ ಬದಿಗೆ ಹರಿಯುವಂತೆ ಇಳಿಜಾರು ಕೊಡಬೇಕು. ಕೆರೆಯುವಾಗ ಒಳಗೆ ಯಾರೂ ಇರಕೂಡದು. ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳನ್ನು ಸೂಜಿಮೊಳೆಯಿಂದ ಚುಚ್ಚಿ ನೋಡಬೇಕು. ಲಡ್ಡಾಗಿದ್ದರೆ ಪಕ್ಕದಲ್ಲಿ ಹೊಸ ಕಂಬ ಕೊಟ್ಟ ಬಳಿಕವೇ ಮುಂದಿನ ಕೆಲಸ.

ಹೊಸದಾಗಿ ಕಟ್ಟುವವರಿಗೆ ಒಂದೂವರೆ ಇಂಚಿನ ಫರಸಿ ಹಲಗೆಗಳನ್ನು ಉಕ್ಕಿನ ಅಥವಾ ಗಟ್ಟಿ ಮರದ ಜಂತಿಗಳ ಮೇಲೆ ಹಾಸಿ, ಮೂರು ಇಂಚಿನ ಗಚ್ಚು ಹಾಕುವ ಮಾಳಿಗೆ ಮಧ್ಯಮ ಮಾರ್ಗ. ಒಂದಡಿ ಮಣ್ಣಿನ ಮಾಳಿಗೆಯ ಅರ್ಧದಷ್ಟು ಭಾರದಲ್ಲಿ ಇದು ಮುಗಿಯುತ್ತದೆ. ನಾಲ್ಕಡಿಗೆ ಎರಡಡಿಯ ಅಂತಹ ಒಂದು ಹಲಗೆ 70 ಕಿಲೋಗಿಂತ ಹೆಚ್ಚು ತೂಗುವುದರಿಂದ ಜಂತಿಗಳ ತುದಿಯನ್ನು ಗೋಡೆಯ ಮೇಲಿನ ಕಾಂಕ್ರೀಟ್ ಪಟ್ಟಿಗೆ ಬಿಗಿಯಾಗಿ ಬಂಧಿಸಬೇಕು. ಜಂತಿಗಳು ಸರಿದರೆ ಹಲಗೆಗಳು ನೇರವಾಗಿ ಕೆಳಗೆ ಬೀಳುತ್ತವೆ.

ಸುಣ್ಣದ ಗಾರೆ

ಸುಣ್ಣದ ಗಾರೆ ಸಿಮೆಂಟಿಗಿಂತ ಮೃದು. ನೆಲ ಸ್ವಲ್ಪ ಏರಿಳಿದಾಗ ಅದು ಕೂದಲೆಳೆಯ ಬಿರುಕುಗಳಲ್ಲಿ ಹೊಂದಿಕೊಳ್ಳುತ್ತದೆ, ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಸೋಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಎರಡು ವಾರ ಕೊಳೆಯಲು ಬಿಡಬೇಕು. ಕಟ್ಟುವ ಗಾರೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವ ತಾಗುವ ಬುಡಭಾಗಕ್ಕೆ ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಗ ಒಣಗಿದರೆ ಪುಡಿಯಾಗಿ ಉದುರುವುದರಿಂದ ತೊಗರಿ ರಾಶಿ ಮುಗಿದ ಜನವರಿ, ಫೆಬ್ರವರಿ ತಿಂಗಳುಗಳೇ ಈ ಕೆಲಸಕ್ಕೆ ಯೋಗ್ಯ. ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರವಾದರೂ ತೇವ ಕಾಯಬೇಕು.

ಎಚ್ಚರಿಕೆ: ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಕುದಿಯುತ್ತದೆ. ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗುವ ಅಪಾಯವಿದೆ. ಕನ್ನಡಕ, ಕೈಗವಸು ಧರಿಸಬೇಕು. ಸಿಡಿದಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಶುದ್ಧ ನೀರಿನಿಂದ ತೊಳೆಯುತ್ತಾ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸುಣ್ಣದ ಗುಂಡಿಗೆ ಮಕ್ಕಳು, ಕರುಗಳು ಬೀಳದಂತೆ ಬೇಲಿ ಹಾಕಬೇಕು.

ದನದ ಕೊಟ್ಟಿಗೆ

ಒಂದು ಆಕಳಿಗೆ ಮಾಡಿನ ಕೆಳಗೆ 3.5 ಚದರ ಮೀಟರ್, ಎಮ್ಮೆಗೆ 4 ಚದರ ಮೀಟರ್ ಜಾಗ ಬೇಕು. ತೆರೆದ ಅಂಗಳ ಅದರ ಎರಡು ಪಟ್ಟು. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಮಧ್ಯಾಹ್ನದ ಬಿಸಿಲು ಒಳನುಗ್ಗುವುದಿಲ್ಲ. ಪಶ್ಚಿಮಕ್ಕೆ ಪೂರ್ತಿ ಕಲ್ಲುಗೋಡೆ, ಉತ್ತರ ದಕ್ಷಿಣಗಳಲ್ಲಿ ಎದೆಮಟ್ಟದ ಗೋಡೆ ಸಾಕು. ತಗಡಿನ ಮಾಡೇ ಅನಿವಾರ್ಯವಾದರೆ ಹೊರಮೈಗೆ ಸುಣ್ಣ ಬಳಿದು, ಒಳಗಡೆ ಒಂದು ಗೇಣು ಅಂತರ ಬಿಟ್ಟು ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಬೇಕು.

ನೆಲಕ್ಕೆ ಫರಸಿ ಹಾಸುವಾಗ ಪಾಲಿಶ್ ಕಲ್ಲು ಕೂಡದು. ಒದ್ದೆಯಾದ ನುಣುಪು ಕಲ್ಲಿನ ಮೇಲೆ ಗಬ್ಬದ ಆಕಳು ಜಾರಿ ಬಿದ್ದರೆ ಕಾಲೂ ಹೋದೀತು, ಕರುವೂ ಹೋದೀತು. ಒರಟು ಮುಖ ಮೇಲೆ ಮಾಡಿ, ಉಳಿಯಿಂದ ಬೆರಳಗಲದ ಗೆರೆಗಳನ್ನು ಕೊರೆಸಬೇಕು. ಹತ್ತು ಅಡಿಗೆ ಮೂರು ಇಂಚು ಇಳಿಜಾರು ಕೊಟ್ಟು ಗಂಜಲವನ್ನು ಕಾಲುವೆಯ ಮೂಲಕ ಗೊಬ್ಬರದ ಗುಂಡಿಗೆ ಹರಿಸಬೇಕು, ಗೋಡೆಯ ಬುಡಕ್ಕಲ್ಲ. ಗೋದಲಿಗೆ ಕಲ್ಲಿನ ಹಲಗೆಗಳಷ್ಟು ಬಾಳಿಕೆಯ ವಸ್ತು ಇನ್ನೊಂದಿಲ್ಲ. ಆದರೆ ರಸಮೇವಿನ ಹುಳಿ ಸುಣ್ಣದ ಕಲ್ಲನ್ನು ತಿನ್ನುವುದರಿಂದ ಅದನ್ನು ಬೇರೆ ಬುಟ್ಟಿಯಲ್ಲಿ ತಿನ್ನಿಸಬೇಕು.

ಹಿತ್ತಲ ತೋಟ

ತೋಟವನ್ನು ಮನೆಯ ಗೋಡೆಗೆ ತಾಗಿಸಿ ಮಾಡುವುದು ನೋಡಲು ಚೆಂದ. ಕರಿಮಣ್ಣಿನಲ್ಲಿ ಅದು ಗೋಡೆಗೆ ದಿನವೂ ನೀರು ಕುಡಿಸಿದಂತೆ. ಬಚ್ಚಲು ಮತ್ತು ಅಡುಗೆಮನೆಯ ನೀರನ್ನು ಕಲ್ಲಿನ ಕಾಲುವೆಯಲ್ಲಿ ಕನಿಷ್ಠ ಹತ್ತು ಅಡಿ ದೂರ ಒಯ್ದು ಅಲ್ಲಿಂದಾಚೆ ಮಡಿಗಳನ್ನು ಆರಂಭಿಸಬೇಕು. ಮರಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ: ಬೇವು, ಹುಣಸೆ, ಆಲದಂತಹ ದೊಡ್ಡ ಮರಗಳ ಬೇರು ಬೇಸಿಗೆಯಲ್ಲಿ ಅಡಿಪಾಯದ ಕೆಳಗಿನ ತೇವ ಹೀರಿ ನೆಲವನ್ನು ಕುಗ್ಗಿಸುತ್ತದೆ. ಪೂರ್ಣ ಬೆಳೆದಾಗ ಮರ ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ನೆಡಬೇಕು. ಪಶ್ಚಿಮದ ಗೋಡೆಗೆ ಹತ್ತಿರದ ನೆರಳು ಬೇಕಾದಲ್ಲಿ ಸೀತಾಫಲ, ನುಗ್ಗೆಯಂತಹ ಚಿಕ್ಕ ಗಿಡಗಳು ಸಾಕು.

ಗಣಿಯ ಕಲ್ಲಿನ ಚೂರುಗಳು ಮಡಿಯ ಅಂಚಿಗೆ, ಬದುವಿನ ಕೋಡಿಗೆ, ದಾರಿಗೆ ಉಪಯುಕ್ತ. ಆರಡಿ ಹಲಗೆಯನ್ನು ಎರಡಡಿ ಹುಗಿದು ಸಾಲಾಗಿ ನಿಲ್ಲಿಸಿದ ಬೇಲಿ ಹಂದಿಯನ್ನೂ ತಡೆಯುತ್ತದೆ. ಆದರೆ ಕಲ್ಲು ಕೊಯ್ಯುವ ಯಂತ್ರದ ಬಿಳಿ ಕೆಸರನ್ನು ಗೊಬ್ಬರವೆಂದು ತಿಳಿದು ಹೊಲಕ್ಕಾಗಲಿ ತೋಟಕ್ಕಾಗಲಿ ಹಾಕಲೇಬಾರದು. ಹುಳಿ ಮಣ್ಣಿನ ಮಲೆನಾಡಿನಲ್ಲಿ ಸುಣ್ಣ ಹಾಕುವ ಶಿಫಾರಸು ಇಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮ ಕರಿಮಣ್ಣಿನಲ್ಲಿ ಸುಣ್ಣದ ಅಂಶ ಈಗಾಗಲೇ ಅಧಿಕ. ಇನ್ನಷ್ಟು ಸೇರಿದರೆ ಕಬ್ಬಿಣ, ಸತುವು ಗಿಡಕ್ಕೆ ದಕ್ಕದೆ, ಎಳೆಯ ಎಲೆಗಳು ನರ ಹಸಿರಾಗಿ ಉಳಿದು ನಡುವೆ ಹಳದಿಯಾಗುತ್ತವೆ. ನಿಂಬೆ, ಮೋಸಂಬಿಗಳಲ್ಲಿ ಇದು ಬೇಗ ಕಾಣುತ್ತದೆ. ಕಬ್ಬಿಣದ ಕೊರತೆಗೆ ಪ್ರತಿ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಬೇಕು. ಸೀತಾಫಲ, ಬಾರೆ, ನೆಲ್ಲಿ, ನುಗ್ಗೆಗಳು ಇಂತಹ ನೆಲವನ್ನು ತಾಳಿಕೊಳ್ಳುತ್ತವೆ. ತರಕಾರಿಗೆ ಕಲ್ಲಿನ ಅಂಚು ಕಟ್ಟಿ ಒಂದಡಿ ಎತ್ತರಿಸಿದ ಮಡಿಯಲ್ಲಿ ಕರಿಮಣ್ಣು, ಕೆಂಪು ಗರಸು, ಕೊಟ್ಟಿಗೆ ಗೊಬ್ಬರಗಳನ್ನು ಸಮಪಾಲಿನಲ್ಲಿ ಬೆರೆಸಬೇಕು.

ಕಲ್ಲು ಕೊಳ್ಳುವಾಗ

ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ಠಣ್ಣನೆ ನುಡಿಯುವ ಕಲ್ಲು ಒಳ್ಳೆಯದು. ಮಂದ ಸದ್ದಿನ ಕಲ್ಲಿನೊಳಗೆ ಬಿರುಕಿರುತ್ತದೆ. ಒಮ್ಮೆ ನೀರು ಸುರಿದು ನೋಡಿದರೆ ಕಲ್ಲು ಒಣಗುವಾಗ ಬಿರುಕಿನ ಗೆರೆಯಲ್ಲಿ ತೇವ ಉಳಿದು ತೋರಿಸಿಕೊಡುತ್ತದೆ. ಗೋಡೆಯಲ್ಲಿ ಕಲ್ಲನ್ನು ನೆಲದಲ್ಲಿ ಮಲಗಿದ್ದಂತೆಯೇ ಮಲಗಿಸಿ ಇಡಬೇಕು. ಪದರ ನಿಲುವಾಗಿದ್ದರೆ ಕಾಲಾಂತರದಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಪರವಾನಗಿ ಇರುವ ಗಣಿಯಿಂದ ರಸೀದಿ ಸಹಿತ ಕೊಳ್ಳಬೇಕು. ಚಿಂಚೋಳಿ ವನ್ಯಜೀವಿಧಾಮದ ವ್ಯಾಪ್ತಿಯಿಂದ ಕಲ್ಲು ತೆಗೆಯುವುದು ಅಪರಾಧ. ಪಾಳುಬಿದ್ದ ಕೋಟೆ, ಗುಡಿಗಳ ಕಲ್ಲುಗಳನ್ನೂ ಮುಟ್ಟಬಾರದು.

ಕಟ್ಟಡ ಮುಗಿದ ಮೇಲೆ ಪ್ರತಿ ವರ್ಷ ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿಯುವುದರೊಳಗೆ ಒಂದು ದಿನ ಮೀಸಲಿಡಬೇಕು. ಮಾಳಿಗೆಯ ದೋಣಿಯಲ್ಲಿನ ಕಸ ತೆಗೆಯುವುದು, ಗಚ್ಚಿನ ಬಿರುಕಿಗೆ ಸುಣ್ಣದ ಹಾಲು ಉಣಿಸುವುದು, ಸುತ್ತಲಿನ ಫರಸಿ ಒಳಮುಖವಾಗಿ ಕುಸಿದಿದ್ದರೆ ಎಬ್ಬಿಸಿ ಗರಸು ತುಂಬಿ ಮರಳಿ ಹಾಸುವುದು ಆ ದಿನದ ಕೆಲಸಗಳು. ಗೋಡೆಯ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟರೆ, ದೀಪಾವಳಿಯ ಹೊತ್ತಿಗೆ ಅದು ಬೆಳೆದಿದೆಯೋ ನಿಂತಿದೆಯೋ ತಿಳಿಯುತ್ತದೆ. ಬೆಳೆದಿದ್ದರೆ ಗಿಲಾವು ಮಾಡಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು.